ಬೀದರದ ಕೋಟೆ: ಅದರ ತೋಟ, ಅದರ ಕೆರೆ ಮತ್ತು ನಮ್ಮ ಗಡಿನಾಡು

ಒಂದು ನಾಡಿನ ಇತಿಹಾಸವನ್ನು ತಿಳಿಯಬೇಕೆನ್ನುವವರು ಮೊದಲು ಆ ನಾಡಿನ ನೆಲವನ್ನೂ ನೀರನ್ನೂ ತಿಳಿಯಬೇಕು. ಅರಸರ ವಂಶಾವಳಿ, ಕದನಗಳ ತೇದಿ, ಪಟ್ಟಾಭಿಷೇಕದ ವರ್ಷ, ಇವೆಲ್ಲ ಗ್ರಂಥಗಳಲ್ಲಿ ದೊರೆಯುತ್ತವೆ. ಆದರೆ ಅರಸನು ತನ್ನ ಕೋಟೆಯನ್ನು ಇಲ್ಲಿಯೇ ಏಕೆ ಕಟ್ಟಿಸಿದನು, ಕಟ್ಟಿಸಿದ ಮೇಲೆ ಅದರೊಳಗಿನ ಸಹಸ್ರಾರು ಜನಕ್ಕೆ ಕುಡಿಯಲು ನೀರೆಲ್ಲಿಂದ ಬಂದಿತು, ಅವನ ತೋಟಕ್ಕೆ ನೀರು ಹಾಯಿಸಿದವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವು ಗ್ರಂಥದಲ್ಲಿ ಅಷ್ಟಾಗಿ ಸಿಕ್ಕದು. ಅದು ಸ್ಥಳಕ್ಕೆ ಹೋಗಿ, ಕಾಲ್ನಡಿಗೆಯಲ್ಲಿ ಸುತ್ತಿ, ಕಣ್ಣಿಟ್ಟು ನೋಡಿದವರಿಗೆ ಮಾತ್ರ ದೊರೆಯುವಂಥದು. ಈ ದೃಷ್ಟಿಯಿಂದಲೇ ಬೀದರದ ಕೋಟೆಯನ್ನು ಕುರಿತು ಈ ಲೇಖನದಲ್ಲಿ ನಾಲ್ಕು ಮಾತು ಬರೆಯಲು ಹೊರಟಿದ್ದೇವೆ.

ಬೀದರದ ಕೋಟೆಯು ಇಂದು ಕರ್ನಾಟಕದಲ್ಲಿದೆ, ನಾವಿರುವುದು ತೆಲಂಗಾಣದಲ್ಲಿ. ಹೀಗಿರಲು ಜಹೀರಾಬಾದ, ನಾರಾಯಣಖೇಡ, ತಾಂಡೂರಿನ ಶಿಕ್ಷಕರಿಗೆ ಆ ಕೋಟೆಯ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಅದಕ್ಕೆ ಸಮಾಧಾನವು ನಮ್ಮ ಕಂದಾಯದ ಕಾಗದಪತ್ರಗಳಲ್ಲಿಯೇ ಇದೆ. 1956ನೆಯ ಇಸವಿ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಜಹೀರಾಬಾದ ಮತ್ತು ನಾರಾಯಣಖೇಡ ತಾಲ್ಲೂಕುಗಳು ಹೈದರಾಬಾದ ಸಂಸ್ಥಾನದ ಬೀದರ ಜಿಲ್ಲೆಗೂ, ತಾಂಡೂರು ಹಾಗೂ ಕೊಡಂಗಲ್ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಗೂ ಸೇರಿದ್ದುವು. ಆ ದಿನ ಗೆರೆ ಎಳೆದಾಗ ಜಹೀರಾಬಾದ ತಾಲ್ಲೂಕಿನ ನಿರ್ಣಾ ವೃತ್ತವೊಂದು ಬೀದರದೊಡನೆ ಮೈಸೂರು ರಾಜ್ಯಕ್ಕೆ ಹೋಯಿತು. ಬೀದರ ತಾಲ್ಲೂಕಿನದೇ ಆದ ನ್ಯಾಲಕಲ್ ವೃತ್ತವು ಆಂಧ್ರ ಪ್ರದೇಶಕ್ಕೆ ಬಂದಿತು. ಒಂದೇ ತಾಲ್ಲೂಕಿನ ಅಣ್ಣತಮ್ಮಂದಿರ ಹಳ್ಳಿಗಳು ಎರಡು ರಾಜ್ಯಗಳ ಪಾಲಾದುವು. 2014ರಲ್ಲಿ ತೆಲಂಗಾಣ ರಾಜ್ಯವು ಉದಯಿಸಿತು. 2016ರಲ್ಲಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ ಜಿಲ್ಲೆಗೂ ಸಂದುವು. ಆಡಳಿತದ ಹೆಸರುಗಳು ಬದಲಾದುವು. ಆದರೆ ಐದು ನೂರು ವರ್ಷಕ್ಕೂ ಮಿಕ್ಕ ಒಂದು ಇತಿಹಾಸವು ತೇದಿಯೊಂದರಿಂದ ಎರಡಾಗಿ ಸೀಳಿಹೋಗುವುದುಂಟೆ? ಬೀದರದ ಕೋಟೆಯು ನಮ್ಮ ನೆಲದ ಕೋಟೆ. ಅದರ ಕಥೆಯು ನಮ್ಮ ಹಳ್ಳಿಗಳ ಕಥೆಯೂ ಹೌದು. ಇದನ್ನು ಕಲ್ಲು, ನೀರುಗಳ ಸಾಕ್ಷ್ಯದಿಂದಲೇ ತೋರಿಸುವುದು ನಮ್ಮ ಉದ್ದೇಶ.

ಕೆಂಪು ಕಲ್ಲಿನ ದಾರಿ

ಜಹೀರಾಬಾದದಿಂದ ಬೀದರಕ್ಕೆ ಸುಮಾರು ಮೂವತ್ತು ಕಿಲೋಮೀಟರು ದಾರಿ. ರೈಲಿನಲ್ಲಿ ಹೋಗುವವರಿಗೆ ವಿಕಾರಾಬಾದದಿಂದ ಪರಳಿಗೆ ಹೋಗುವ ಮಾರ್ಗವು ಕೊಹೀರ, ಜಹೀರಾಬಾದಗಳ ಮೇಲೆಯೇ ಬೀದರವನ್ನು ಮುಟ್ಟುತ್ತದೆ. ತಾಂಡೂರಿನವರು ವಿಕಾರಾಬಾದಕ್ಕೆ ಬಂದು ಗಾಡಿ ಬದಲಿಸಿದರೆ ಸಾಕು. ನಾರಾಯಣಖೇಡದವರು ಮಾಂಜ್ರಾ ನದಿಯನ್ನು ದಾಟಿ ದಕ್ಷಿಣಕ್ಕೆ ಬರಬೇಕು. ಯಾವ ಹಾದಿಯಿಂದ ಬಂದರೂ ಬೀದರದ ಸಮೀಪದಲ್ಲಿ ಒಂದು ಸಂಗತಿಯು ಗಮನಕ್ಕೆ ಬಾರದಿರದು. ಎರೆಯ ಕರಿ ನೆಲವು ಹಿಂದಾಗಿ, ಕೆಂಪು ಮಣ್ಣು, ಕೆಂಪು ಕಲ್ಲು ಕಾಣಿಸತೊಡಗುತ್ತವೆ. ಇದೇ ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲು. ಬೀದರದಿಂದ ಜಹೀರಾಬಾದ, ಕೊಹೀರಗಳ ಕಡೆಗೆ ಹಬ್ಬಿರುವ ಈ ಬಯಲು ಒಂದೇ ಬಂಡೆಯ ಬೆನ್ನು. ನಮ್ಮ ಕೊಹೀರದ ಸೀಬೆಯ ತೋಟಗಳು ನಿಂತಿರುವುದೂ ಬೀದರದ ಸುಲ್ತಾನರ ಅರಮನೆಗಳು ನಿಂತಿರುವುದೂ ಈ ಒಂದೇ ಕೆಂಪು ನೆಲದ ಮೇಲೆ.

ಈ ಕಲ್ಲಿನ ಗುಣವನ್ನು ತಿಳಿಯದೆ ಕೋಟೆಯ ಗುಣವು ತಿಳಿಯದು. ನೆಲದಿಂದ ತೆಗೆಯುವಾಗ ಜಂಬಿಟ್ಟಿಗೆಯು ಮೆತ್ತಗಿರುತ್ತದೆ, ಕೊಡಲಿಗೂ ಕೊಯ್ಯಲು ಬರುತ್ತದೆ. ಗಾಳಿ ಬಿಸಿಲು ತಾಕಿದಂತೆಲ್ಲ ಗಟ್ಟಿಯಾಗುತ್ತದೆ. ಮೈತುಂಬ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಮಳೆಯ ನೀರು ಅದರ ಮೇಲೆ ನಿಲ್ಲದೆ ಒಳಕ್ಕೆ ಇಳಿದುಹೋಗುತ್ತದೆ. ಕೆಳಗಿರುವುದು ಗಟ್ಟಿ ಕರಿಕಲ್ಲು. ಎರಡರ ನಡುವೆ ಜೇಡಿಯ ಪದರ. ಇಳಿದ ನೀರು ಅಲ್ಲಿ ತಡೆದು ಪಕ್ಕಕ್ಕೆ ಹರಿದು ಎತ್ತರದ ಬಯಲಿನ ಅಂಚಿನಲ್ಲಿ, ಇಳುಕಲಿನ ಬುಡದಲ್ಲಿ, ಝರಿಯಾಗಿ ಹೊರಬೀಳುತ್ತದೆ. ಮೇಲೆ ನೀರಿನ ಕೊರತೆ, ಕೆಳಗೆ ಬತ್ತದ ಒರತೆ. ಬೀದರದ ಇತಿಹಾಸವೆಲ್ಲ ಈ ಎರಡು ಮಾತಿನ ವ್ಯಾಖ್ಯಾನವೆಂದರೂ ಸಲ್ಲುವುದು.

ರಾಜಧಾನಿಯಾದ ಬಗೆ

ಬೀದರವೆಂಬ ಹೆಸರು ‘ಬಿದಿರು’ ಎಂಬ ಕನ್ನಡ ಶಬ್ದದಿಂದ ಬಂದಿತೆಂಬುದು ಜನಜನಿತವಾದ ಮಾತು. ಈ ಸೀಮೆಯು ಕಲ್ಯಾಣದ ಚಾಲುಕ್ಯರ ಆಳಿಕೆಗೂ ಅನಂತರ ಕಾಕತೀಯರ ಪ್ರಭಾವಕ್ಕೂ ಒಳಗಾಗಿದ್ದಿತು. 14ನೆಯ ಶತಮಾನದ ಮೊದಲ ಭಾಗದಲ್ಲಿ ದಿಲ್ಲಿಯ ಸೈನ್ಯವು ವಾರಂಗಲ್ಲಿಗೆ ಹೋಗುವ ಹಾದಿಯಲ್ಲಿ ಬೀದರವನ್ನು ಹಿಡಿಯಿತು. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯಕ್ಕೆ ಗುಲ್ಬರ್ಗವು ರಾಜಧಾನಿಯಾಗಿದ್ದಿತು. 1422ರಲ್ಲಿ ಪಟ್ಟಕ್ಕೆ ಬಂದ ಒಂಬತ್ತನೆಯ ಸುಲ್ತಾನ ಅಹ್ಮದ ಶಾಹನು ಕೆಲವೇ ವರ್ಷಗಳಲ್ಲಿ ಆ ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದನು. ಬೇಟೆಗೆ ಬಂದ ಅರಸನ ನಾಯಿಯನ್ನು ಹೆದರದೆ ನರಿಯೊಂದು ತಿರುಗಿ ಅಟ್ಟಿತು, ಅದನ್ನು ಕಂಡು ಇದು ವೀರಭೂಮಿಯೆಂದು ಅರಸನು ತಿಳಿದನು ಎಂದು ಕಥೆ ಹೇಳುವರು. ಹಂಪೆಯ ಮೊಲದ ಕಥೆಯನ್ನು ಬಲ್ಲ ನಮಗೆ ಇದರಲ್ಲಿ ಹೊಸತೇನೂ ಇಲ್ಲ. ಕೋಟೆ ಕಟ್ಟಿದ ಊರಿಗೆಲ್ಲ ಇಂಥ ಕಥೆಯೊಂದು ಬೇಕೇ ಬೇಕು.

ನಿಜವಾದ ಕಾರಣಗಳು ಬೇರೆ. ಬೀದರವು ರಾಜ್ಯದ ಮೂರು ಭಾಷಾಪ್ರದೇಶಗಳಾದ ಕನ್ನಡ, ತೆಲುಗು, ಮರಾಠಿಗಳು ಕೂಡುವ ಸ್ಥಾನ. ಹವೆಯು ಹಿತಕರ. ಉತ್ತರಕ್ಕೂ ಪೂರ್ವಕ್ಕೂ ಬಯಲು ಥಟ್ಟನೆ ಕಡಿದುಹೋಗಿರುವುದರಿಂದ ಆ ಎರಡು ಬದಿಗಳನ್ನು ಪ್ರಕೃತಿಯೇ ಕಾಯುತ್ತದೆ. ಕೋಟೆಯ ಉತ್ತರದ ಗೋಡೆಯ ಮೇಲೆ ನಿಂತರೆ ಮಾಂಜ್ರಾ ನದಿಯ ಕಣಿವೆಯು ದಿಗಂತದವರೆಗೆ ಹಾಸಿಕೊಂಡಿರುವುದು ಕಾಣುತ್ತದೆ. ಆ ಕಣಿವೆಯ ಮುಂದಿನ ಭಾಗವೇ ನಮ್ಮ ನಾರಾಯಣಖೇಡದ ಸೀಮೆ. ಶತ್ರುವಿನ ದಂಡು ಒಂದು ದಿನದ ಹಾದಿಯಲ್ಲಿರುವಾಗಲೇ ಅದರ ಧೂಳು ಇಲ್ಲಿಯ ಕಾವಲಿನವನ ಕಣ್ಣಿಗೆ ಬೀಳುವಂತಿದೆ. ಕೋಟೆಯ ಕಟ್ಟಡವು 1432ರ ಸುಮಾರಿಗೆ ಮುಗಿಯಿತೆಂದು ತಿಳಿದುಬರುತ್ತದೆ.

ಕಂದಕಗಳು ಮತ್ತು ಬಾಗಿಲುಗಳು

ಊರ ಕಡೆಯಿಂದ ಕೋಟೆಗೆ ಬರುವವನಿಗೆ ಮೊದಲು ಎದುರಾಗುವುದು ಕಂದಕ. ಬಯಲು ಸಮವಾಗಿರುವ ದಕ್ಷಿಣ ಮತ್ತು ಪಶ್ಚಿಮದ ಕಡೆಗಳಲ್ಲಿ ಪ್ರಕೃತಿಯ ರಕ್ಷಣೆ ಇಲ್ಲದ ಕಾರಣ ಬಂಡೆಯನ್ನೇ ಕಡಿದು ಕಂದಕ ಮಾಡಿರುವರು. ಅದು ಒಂದಲ್ಲ, ಮೂರು! ಮೂರು ಪಾತಳಿಗಳ ನಡುವೆ ಬಂಡೆಯ ಎರಡು ಗೋಡೆಗಳನ್ನು ಕಡಿಯದೆ ಹಾಗೆಯೇ ಉಳಿಸಿರುವುದು ನೋಡತಕ್ಕದ್ದು. ಇಲ್ಲಿ ಕಟ್ಟಿದ್ದಕ್ಕಿಂತ ಕಡಿದು ತೆಗೆದದ್ದೇ ಹೆಚ್ಚಿನ ಕೆಲಸ. ಕಂದಕದಿಂದ ತೆಗೆದ ಕಲ್ಲೇ ಕೋಟೆಯ ಗೋಡೆಗೆ ಒದಗಿತೆಂದು ಊಹಿಸಲು ಅಡ್ಡಿಯಿಲ್ಲ. ಗೋಡೆಯ ಸುತ್ತಲೂ 37 ಬುರುಜುಗಳು. ಮುಂಡಾ ಬುರುಜು, ಕಲ್ಯಾಣಿ ಬುರುಜು, ಲಾಲ ಬುರುಜು ಮೊದಲಾದುವು ಇಂದಿಗೂ ಹೆಸರುಳಿಸಿಕೊಂಡಿವೆ. ಕೆಲವುಗಳ ಮೇಲೆ ದೊಡ್ಡ ತೋಪುಗಳು ಮಲಗಿವೆ.

ಮುಂದಿನ ಬಾಗಿಲು ಶರ್ಜಾ ದರ್ವಾಜೆ. 1503ರಲ್ಲಿ ಮಹಮೂದ ಶಾಹನ ಕಾಲದಲ್ಲಿ ನಿಂತ ಈ ಬಾಗಿಲಿನ ಮೇಲೆ ಎರಡು ಹುಲಿಗಳನ್ನು ಕೆತ್ತಿರುವುದರಿಂದ ಈ ಹೆಸರು. ಅದರಾಚೆ ಗುಂಬದ ದರ್ವಾಜೆ. ಇವಲ್ಲದೆ ಮಾಂಡೂ, ದಿಲ್ಲಿ, ಕಲ್ಯಾಣಿ, ಕರ್ನಾಟಕ ಎಂಬ ಹೆಸರಿನ ಬಾಗಿಲುಗಳೂ ಉಂಟು. ಈ ಹೆಸರುಗಳನ್ನು ವಿದ್ಯಾರ್ಥಿಗಳಿಂದ ಓದಿಸಿದರೆ ಅದೇ ಒಂದು ಭೂಗೋಲದ ಪಾಠವಾದೀತು. ಯಾವ ಬಾಗಿಲಿನಿಂದ ಹೊರಟರೆ ಯಾವ ದಿಕ್ಕು, ಯಾವ ರಾಜ್ಯ, ಯಾರೊಡನೆ ಕದನ ಅಥವಾ ವ್ಯಾಪಾರ, ಎಲ್ಲವೂ ಆ ಹೆಸರುಗಳಲ್ಲಿ ಅಡಗಿವೆ.

ಅರಮನೆಗಳು ಮತ್ತು ಲಾಲ ಬಾಗು

ಒಳಗೆ ಬಂದೊಡನೆ ಬಲಗಡೆಗೆ ರಂಗೀನ ಮಹಲು. ಇದನ್ನು ಈಗಿನ ರೂಪಕ್ಕೆ ತಂದವನು ಬರೀದ ಶಾಹಿ ಮನೆತನದ ಅಲಿ ಬರೀದ (1542–1580). ಮರದ ಕಂಬಗಳ ಮೇಲಿನ ಕೆತ್ತನೆಯನ್ನು ನೋಡಿದರೆ ನಮ್ಮ ಸೀಮೆಯ ಬಡಗಿಗಳ ಕೈ ಗುರುತು ಹತ್ತುತ್ತದೆ. ಒಳಕೋಣೆಯ ಬಾಗಿಲವಾಡಗಳಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಮಾಡಿದ ಬಳ್ಳಿಗಳೂ ಪಾರಸಿ ಪದ್ಯಗಳೂ ಇವೆ. ಒಂದೇ ಮಹಲಿನಲ್ಲಿ ದೇಶೀ ಮರಗೆಲಸ ಮತ್ತು ಇರಾನದ ಬಣ್ಣದ ಹಂಚಿನ ಕೆಲಸ ಜೊತೆಯಾಗಿ ನಿಂತಿರುವುದು ಬೀದರದ ಸ್ವಭಾವವನ್ನು ತೋರಿಸುತ್ತದೆ.

ಮುಂದೆ ಹೋದರೆ ಸೋಲಾ ಖಂಬ ಮಸೀದಿ. ಇಲ್ಲಿ ದೊರೆತ ಶಾಸನದ ಪ್ರಕಾರ ಇದು 1423–24ರದು. ಅಂದರೆ ಕೋಟೆಯು ಪೂರ್ಣವಾಗುವ ಮೊದಲೇ ಪ್ರಾರ್ಥನೆಯ ಸ್ಥಳ ಸಿದ್ಧವಾಗಿದ್ದಿತು. ಹೆಸರು ಹದಿನಾರು ಕಂಬದ್ದಾದರೂ ಒಳಗೆ ಕಂಬಗಳು ಎಷ್ಟೋ ಹೆಚ್ಚು. ಈ ಮಸೀದಿಯ ಎದುರಿಗೆ ಹಾಸಿರುವುದೇ ಲಾಲ ಬಾಗು. ಬದಿಯಲ್ಲಿ ತರ್ಕಶ ಮಹಲು, ಸ್ನಾನಗೃಹ, ಅರಸರ ಅಡುಗೆಮನೆ. ಸ್ವಲ್ಪ ದೂರದಲ್ಲಿ ಗಗನ ಮಹಲು, ಸಭಾಂಗಣ, ಸಿಂಹಾಸನವಿದ್ದ ತಖ್ತ ಮಹಲು. ತೋಟದಲ್ಲಿ ನೀರಿನ ಕೊಳ ಮತ್ತು ಕಾಲುವೆಗಳ ಹಾದಿಯು ಇಂದೂ ಕಾಣುತ್ತದೆ. ಭಾರತೀಯ ಪುರಾತತ್ತ್ವ ಇಲಾಖೆಯವರು ಹುಲ್ಲುಹಾಸು, ಹೂಗಿಡಗಳಿಂದ ಇದನ್ನು ಕಾಪಾಡಿಕೊಂಡು ಬಂದಿರುವರು. ರಜೆಯ ದಿನ ಊರಿನ ಸಂಸಾರಗಳು ಬುತ್ತಿ ಕಟ್ಟಿಕೊಂಡು ಬಂದು ನೆರಳಿನಲ್ಲಿ ಕುಳಿತುಕೊಳ್ಳುವುದುಂಟು.

ಇಲ್ಲಿಯೇ ಶಿಕ್ಷಕರು ನಿಂತು ಯೋಚಿಸಬೇಕು. ಇಷ್ಟು ಎತ್ತರದಲ್ಲಿ, ನೀರು ನಿಲ್ಲದ ಕಲ್ಲಿನ ಮೇಲೆ, ಕಾರಂಜಿ ಚಿಮ್ಮುವ ತೋಟ ಬೆಳೆಸುವುದೆಂದರೆ ಅದು ಸಾಧಾರಣ ಕಾರ್ಯವಲ್ಲ. ಆಳದ ಬಾವಿಗಳಿಂದ ಎತ್ತುಗಳು ಕಪಿಲೆಯಲ್ಲಿ ನೀರೆತ್ತಬೇಕು, ಎತ್ತಿದ ನೀರು ಎತ್ತರದ ತೊಟ್ಟಿಯಲ್ಲಿ ನಿಲ್ಲಬೇಕು, ಅಲ್ಲಿಂದ ಗೋಡೆಯೊಳಗಿನ ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಇಳಿದು ಸ್ನಾನಗೃಹಕ್ಕೂ ತೋಟಕ್ಕೂ ಬರಬೇಕು. ಅರಸನ ವೈಭವವನ್ನು ಅಳೆಯಲು ಅವನ ಸಿಂಹಾಸನಕ್ಕಿಂತ ಅವನ ತೊಟ್ಟಿಯೇ ಒಳ್ಳೆಯ ಅಳತೆಗೋಲು.

ಕೆರೆ, ಸುರಂಗಬಾವಿ, ಝರಿಗಳು

ಕೋಟೆಯ ಆವರಣದಲ್ಲಿ ಒಂದು ಕೆರೆ ಇದೆ. ಅದನ್ನು ಜನರು ಬೊಮ್ಮಗೊಂಡೇಶ್ವರ ಕೆರೆ ಎಂದು ಕರೆಯುವರು. ಬೊಮ್ಮಗೊಂಡನು ಈ ಸೀಮೆಯ ಕುರಿಕಾಯುವ ಗೊಂಡರು ಭಕ್ತಿಯಿಂದ ನೆನೆಯುವ ಪುರುಷ. ಸುಲ್ತಾನರ ಕೋಟೆಯಲ್ಲಿ ಮಹಲುಗಳ ಹೆಸರು ಪಾರಸಿ, ಬಾಗಿಲುಗಳ ಹೆಸರು ಪಾರಸಿ, ತೋಟದ ಹೆಸರು ಪಾರಸಿ. ಕೆರೆಯ ಹೆಸರು ಮಾತ್ರ ಕನ್ನಡ. ಈ ಸಂಗತಿಯು ನಮಗೆ ಬಹಳ ಅರ್ಥವತ್ತಾಗಿ ಕಂಡಿತು. ಅರಮನೆಗೆ ಹೆಸರಿಟ್ಟವರು ಆಸ್ಥಾನದವರು, ಕೆರೆಗೆ ಹೆಸರಿಟ್ಟವರು ಅದರ ದಡದಲ್ಲಿ ಕುರಿಗೆ ನೀರು ಕುಡಿಸಿದವರು. ಆಸ್ಥಾನವು ಅಳಿದು ನಾಲ್ಕು ಶತಮಾನ ಸಂದರೂ ಆ ಹೆಸರು ಅಳಿದಿಲ್ಲ.

ಕೆರೆಯೊಂದರಿಂದ ರಾಜಧಾನಿಯ ಬಾಯಾರಿಕೆ ತೀರುವಂತಿರಲಿಲ್ಲ. ಅದಕ್ಕಾಗಿ ಬಂದದ್ದು ಸುರಂಗಬಾವಿ. ಇದಕ್ಕೆ ಕರೇಜ ಎಂದು ಪಾರಸಿ ಹೆಸರು. ಬಹಮನಿ ಆಸ್ಥಾನಕ್ಕೆ ಇರಾನಿನಿಂದ ಬಂದವರು ಈ ವಿದ್ಯೆಯನ್ನೂ ತಂದರು. ಎತ್ತರದ ಸ್ಥಳದಲ್ಲಿ ನೀರು ಸಿಗುವವರೆಗೆ ಒಂದು ತಾಯಿಬಾವಿ ತೋಡುವುದು; ಅದರ ತಳದಿಂದ ಅತಿ ಕಡಿಮೆ ಇಳಿಜಾರಿನ ಸುರಂಗವನ್ನು ನೆಲದೊಳಗೇ ಕೊರೆಯುತ್ತ ಹೋಗುವುದು; ನಡುನಡುವೆ ಗಾಳಿಗೂ ಬೆಳಕಿಗೂ ಮಣ್ಣು ಎತ್ತುವುದಕ್ಕೂ ಮೇಲಿನಿಂದ ಬಾವಿಗಳನ್ನು ಇಳಿಸುವುದು; ಕೊನೆಗೆ ಸುರಂಗವು ತಗ್ಗಿನಲ್ಲಿ ಹೊರಬಿದ್ದು ನೀರು ತಾನಾಗಿಯೇ ಹರಿಯುವಂತೆ ಮಾಡುವುದು. ಎತ್ತು ಬೇಡ, ಹಗ್ಗ ಬೇಡ. ಬಿಸಿಲಿಗೆ ನೀರು ಆರುವ ಭಯವಿಲ್ಲ. ಶತ್ರುವು ನೀರು ಕೆಡಿಸುವ ಭಯವೂ ಕಡಿಮೆ. ಬೀದರದ ನೌಬಾದಿನಲ್ಲಿ ಇಂಥ ಸುರಂಗದ 21 ಗಾಳಿಬಾವಿಗಳನ್ನು ಎಣಿಸಿರುವರು. ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಇನ್ನೆರಡು ಸುರಂಗಗಳೂ ಇವೆ. ಮೆತ್ತಗೆ ಕೊಯ್ಯಲು ಬರುವ, ಕೊಯ್ದ ಮೇಲೆ ಗಟ್ಟಿಯಾಗುವ ಜಂಬಿಟ್ಟಿಗೆಯಿಲ್ಲದಿದ್ದರೆ ಈ ಕೆಲಸವು ಸುಲಭವಾಗುತ್ತಿರಲಿಲ್ಲ. ಇರಾನದ ವಿದ್ಯೆಗೆ ನಮ್ಮ ಕಲ್ಲು ಒಲಿಯಿತು.

ಮನುಷ್ಯನು ಸುರಂಗ ತೋಡುವ ಮೊದಲೇ ಇದೇ ಉಪಾಯವನ್ನು ಪ್ರಕೃತಿಯು ಮಾಡಿದ್ದಿತು. ಬಯಲಿನ ಅಂಚಿನಲ್ಲಿರುವ ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಗುಹೆಯೊಳಗಿನ ದೇವರನ್ನು ಕಾಣುವರು. ಪಾಪನಾಶದಲ್ಲಿ ಶಿವಾಲಯದ ಬಳಿ ಝರಿಯ ನೀರು ಕೆರೆಯಾಗಿ ನಿಂತಿದೆ. ಗುರುನಾನಕರ ಪಾದಸ್ಪರ್ಶದಿಂದ ಸಿಹಿನೀರು ಚಿಮ್ಮಿತೆಂದು ಸಿಖ್ಖರು ನಂಬುವ ನಾನಕ ಝೀರಾ ಇಲ್ಲಿಯೇ ಇದೆ. ಮೂರು ಮತದವರ ಮೂರು ತೀರ್ಥಗಳಿಗೂ ಮೂಲವಾದುದು ಒಂದೇ ಕಲ್ಲು.

ಈಗ ಗಡಿಯ ಈಚೆಗೆ ಬರೋಣ. ಜಹೀರಾಬಾದದ ಬಳಿಯ ಝರಾಸಂಗಮದ ಹೆಸರಿನಲ್ಲಿ ಇರುವುದೂ ಅದೇ ಝರಿ. ಕೇತಕಿ ಸಂಗಮೇಶ್ವರನ ಗುಡಿಯ ಪುಷ್ಕರಣಿಯಲ್ಲಿ ಮಿಂದು ಅರಸನೊಬ್ಬನು ಚರ್ಮರೋಗವನ್ನು ಕಳೆದುಕೊಂಡನೆಂದು ಸ್ಥಳಪುರಾಣ. ಅನ್ಯತ್ರ ಶಿವಪೂಜೆಗೆ ನಿಷಿದ್ಧವಾದ ಕೇದಗೆಯು ಇಲ್ಲಿ ಸಲ್ಲುತ್ತದೆ. ಬೀದರದ ಕಡೆಯ ಕನ್ನಡಿಗರು ಈ ಗುಡಿಗೂ, ನಮ್ಮ ಕಡೆಯವರು ಬೀದರದ ಝರಣಿಗೂ ಹೋಗಿಬರುವ ರೂಢಿ ಇಂದಿಗೂ ತಪ್ಪಿಲ್ಲ. 1956ರ ಗೆರೆಯು ಯಾತ್ರಿಕರ ಕಾಲುಹಾದಿಯನ್ನು ಅಳಿಸಲಾರದೆ ಹೋಯಿತು.

ವೈಭವದ ವೆಚ್ಚ ಯಾರದು?

ಕೋಟೆಯ ಸೊಬಗನ್ನು ಹೊಗಳುವುದರಲ್ಲಿಯೇ ಲೇಖನ ಮುಗಿಸಿದರೆ ಅದು ಇತಿಹಾಸವಾಗಲಾರದು. 1470ರ ಆಸುಪಾಸಿನಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನನು ಬೀದರದಲ್ಲಿ ಇದ್ದನು. ಅವನು ಬರೆದಿಟ್ಟಿರುವುದರಲ್ಲಿ ಅರಮನೆಯ ಏಳು ಬಾಗಿಲು, ಪ್ರತಿಯೊಂದರಲ್ಲಿ ಕಾವಲಿನವರು, ಬಂದುಹೋದವರನ್ನು ಬರೆದುಕೊಳ್ಳುವ ಕರಣಿಕರು ಇವುಗಳ ವರ್ಣನೆ ಇದೆ. ಅದರೊಡನೆಯೇ ಅಮೀರರು ಬೆಳ್ಳಿಯ ಮಂಚಗಳ ಮೇಲೆ ಹೊತ್ತು ಸಾಗುತ್ತಿದ್ದರೆಂದೂ, ಹಳ್ಳಿಯ ಜನ ಬಡತನದಲ್ಲಿ ಬೇಯುತ್ತಿದ್ದರೆಂದೂ ಅವನು ಗುರುತಿಸಿದ್ದಾನೆ. ದೂರದೇಶದಿಂದ ಬಂದ ಒಬ್ಬ ವ್ಯಾಪಾರಿಯ ಕಣ್ಣಿಗೆ ಬಿದ್ದ ಆ ಹಳ್ಳಿಗರು ಯಾರು? ಮಾಂಜ್ರಾ ದಂಡೆಯ ಜೋಳದ ರಾಶಿಯನ್ನು ರಾಜಭಾಗವೆಂದು ಅಳೆದುಕೊಟ್ಟ ಒಕ್ಕಲಿಗರು. ಅಂದರೆ ನಮ್ಮ ಹಿರಿಯರು. ಲಾಲ ಬಾಗಿನ ಒಂದೊಂದು ಗಿಡದ ಬೇರಿಗೂ ಅವರ ಬೆವರು ತಲುಪಿದೆ.

ಇದೇ ಕಾಲದ ಒಂದು ಐತಿಹ್ಯವು ಕನ್ನಡ, ಮರಾಠಿ ಎರಡೂ ನಾಡುಗಳಲ್ಲಿ ಮನೆಮಾತಾಗಿದೆ. ಮಂಗಳವೇಢೆಯಲ್ಲಿ ಬೀದರದ ಬಾದಶಹನ ಕಣಜಗಳಿಗೆ ಅಧಿಕಾರಿಯಾಗಿದ್ದ ದಾಮಾಜಿಪಂತನು ಬರದಲ್ಲಿ ಅರಸನ ಅಪ್ಪಣೆಯಿಲ್ಲದೆ ಕಣಜ ತೆರೆದು ಹಸಿದವರಿಗೆ ಹಂಚಿದನು. ಶಿಕ್ಷೆಗಾಗಿ ಅವನನ್ನು ಬೀದರಕ್ಕೆ ಎಳೆತರುತ್ತಿರುವಾಗ ಪಂಢರಪುರದ ವಿಠ್ಠಲನೇ ಮಹಾರನ ವೇಷದಲ್ಲಿ ಬಂದು ಕಾಳಿನ ಹಣವನ್ನು ದರ್ಬಾರಿನಲ್ಲಿ ಸುರಿದು ರಶೀದಿ ಪಡೆದನೆಂದು ಹೇಳುವರು. ಭಕ್ತರು ಇದನ್ನು ಭಕ್ತಿಯ ಕಥೆಯಾಗಿ ಹಾಡಲಿ. ಇತಿಹಾಸದ ವಿದ್ಯಾರ್ಥಿಯು ಇದರಲ್ಲಿ ಬೇರೊಂದು ಸಂಗತಿಯನ್ನು ಕಾಣಬೇಕು. ಬರದ ವರ್ಷದಲ್ಲಿಯೂ ಸರ್ಕಾರದ ಕಣಜ ತುಂಬಿದ್ದಿತು, ಜನರ ಹೊಟ್ಟೆ ಬರಿದಾಗಿದ್ದಿತು.

ಒಳ್ಳೆಯದನ್ನೂ ಹೇಳಬೇಕು. ಮಂತ್ರಿ ಮಹಮೂದ ಗವಾನನು 1472ರಲ್ಲಿ ಊರಿನ ನಡುವೆ ಕಟ್ಟಿಸಿದ ಮದರಸಾ ಆ ಕಾಲದ ದೊಡ್ಡ ವಿದ್ಯಾಲಯ. ವಿದ್ಯೆಗಾಗಿ ಇಂಥ ಭವನವನ್ನೆತ್ತಿಸಿದ ಆ ಮಂತ್ರಿಯನ್ನು 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನನು ಕೊಲ್ಲಿಸಿದನು. ಅಲ್ಲಿಂದ ಬಹಮನಿ ರಾಜ್ಯದ ಇಳಿಗಾಲ. ಮುಂದೆ ಬರೀದ ಶಾಹಿಯವರು ಆಳಿದರು. ಊರ ಪಶ್ಚಿಮದಲ್ಲಿ ನಾಲ್ಕು ಕಡೆಗೂ ತೆರೆದಿರುವ ಅಲಿ ಬರೀದನ ಗೋರಿಯೂ ಅದರ ಸುತ್ತಲ ತೋಟವೂ ಅವರ ಅಭಿರುಚಿಗೆ ಸಾಕ್ಷಿ. 1619ರಲ್ಲಿ ಬೀದರವು ಬಿಜಾಪುರಕ್ಕೆ ಸೇರಿತು. 1657ರಲ್ಲಿ ಔರಂಗಜೇಬನು ಮುತ್ತಿದಾಗ ವೃದ್ಧನಾದ ಸಿದ್ದಿ ಮರ್ಜಾನನು 27 ದಿನ ಕೋಟೆಯನ್ನು ಕಾಯ್ದನು. ಮದ್ದಿನ ಸಂಗ್ರಹಕ್ಕೆ ಕಿಡಿ ತಗುಲಿ ಸಿಡಿದು ಅವನೂ ಅವನ ಮಕ್ಕಳೂ ಸುಟ್ಟುಹೋಗಲು ಕೋಟೆ ಬಿದ್ದಿತು. ಮೂರು ಕಂದಕಗಳನ್ನು ಹಗೆಯು ದಾಟಲಾರದಿದ್ದರೂ ಒಳಗಿನ ಒಂದು ಕಿಡಿಯು ಸಾಕಾಯಿತು.

ಅರಸುತನಗಳು ಹೋದ ಮೇಲೂ ಉಳಿದುಬಂದವು ಎರಡು. ಒಂದು ಬಿದ್ರಿಯ ಕೆಲಸ: ಸತುವು ತಾಮ್ರಗಳ ಎರಕದಲ್ಲಿ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಹಳೆಯ ಕಟ್ಟಡಗಳಲ್ಲಿ ಮಳೆ ಬಿಸಿಲು ಕಾಣದ ಎಡೆಯ ಮಣ್ಣನ್ನು ನವಸಾಗರದೊಡನೆ ಕುದಿಸಿ ಉಜ್ಜಿದಾಗ ಆ ಕರಿ ಬಣ್ಣವು ಹತ್ತುತ್ತದೆ. ಮತ್ತೊಂದು ಅಷ್ಟೂರಿನ ಉರುಸು: ಅಹ್ಮದ ಶಾಹ ವಲಿಯ ಗೋರಿಗೆ ಮಾಡ್ಯಾಳದ ಜಂಗಮರು ಶಿಷ್ಯರೊಡನೆ ನಡೆದುಬರುವ ಪದ್ಧತಿ. ಆ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ಭಾವಿಸುವವರು ಈ ಸೀಮೆಯಲ್ಲಿ ಇದ್ದಾರೆ. ಕೋಟೆಯ ಮಣ್ಣು ಕಸುಬುಗಾರನ ಕೈಯಲ್ಲಿಯೂ, ಕೋಟೆ ಕಟ್ಟಿಸಿದವನ ಹೆಸರು ಜನರ ಬಾಯಲ್ಲಿಯೂ ಉಳಿಯಿತು.

ಮೂರು ನದಿ, ಮೂರು ತಾಲ್ಲೂಕು

ಇನ್ನು ನಮ್ಮ ಮೂರು ತಾಲ್ಲೂಕುಗಳ ನೀರಿನ ಲೆಕ್ಕವನ್ನು ನೋಡೋಣ. ಕಾರಂಜಾ ನದಿಯು ಹುಟ್ಟುವುದು ನಮ್ಮ ಕೊಹೀರದ ಬಳಿ. ಅದು ಪಶ್ಚಿಮಕ್ಕೆ ಹರಿದು ಬೀದರ ಜಿಲ್ಲೆಯನ್ನು ಹೊಕ್ಕು, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಅಣೆಕಟ್ಟಿನಲ್ಲಿ ನಿಂತು, ಮುಂದೆ ಮಾಂಜ್ರಾಕ್ಕೆ ಕೂಡುತ್ತದೆ. ಜಹೀರಾಬಾದದ ಮಳೆ ಬೀದರದ ಹೊಲಕ್ಕೆ! ಮಾಂಜ್ರಾ ನದಿಯು ಬೀಡ ಜಿಲ್ಲೆಯ ಬಾಲಾಘಾಟದಲ್ಲಿ ಹುಟ್ಟಿ ಬೀದರ ಜಿಲ್ಲೆಯನ್ನು ಹಾಯ್ದು ಪೂರ್ವಕ್ಕೆ ನಾರಾಯಣಖೇಡ ಮತ್ತು ಜಹೀರಾಬಾದಗಳ ನಡುವೆ ಹರಿದು, ಸಿಂಗೂರಿನಲ್ಲಿ ಹೈದರಾಬಾದ ನಗರಕ್ಕೆ ಕುಡಿಯುವ ನೀರಾಗಿ, ಉತ್ತರಕ್ಕೆ ತಿರುಗಿ, ನಿಜಾಮಸಾಗರವನ್ನು ತುಂಬಿ ಗೋದಾವರಿಯನ್ನು ಸೇರುತ್ತದೆ. ಬೀದರದ ಮಳೆ ನಮ್ಮ ಹೊಲಕ್ಕೆ! ಕೊಡುವುದೂ ಕೊಳ್ಳುವುದೂ ಸರಿಸಮ.

ತಾಂಡೂರಿನ ಕಾಗಿಣಾ ನದಿಯದು ಇನ್ನೂ ಹಳೆಯ ಸಂಬಂಧ. ಅದು ತಾಂಡೂರನ್ನು ಬಿಟ್ಟು ಸೇಡಂ ಸೀಮೆಯಲ್ಲಿ ಹರಿದು ಮಳಖೇಡದ ಕೋಟೆಯ ಬುಡವನ್ನು ತೊಳೆದು ಭೀಮೆಯನ್ನು ಕೂಡುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂದು ಹೇಳಿದ ‘ಕವಿರಾಜಮಾರ್ಗ’ವು 9ನೆಯ ಶತಮಾನದಲ್ಲಿ ಹುಟ್ಟಿದ್ದು ನೃಪತುಂಗನ ಆ ಆಸ್ಥಾನದಲ್ಲಿ. ತಾಂಡೂರಿನ ಗಣಿಗಳಲ್ಲಿ ಸಿಗುವ ಹಾಸುಗಲ್ಲೂ ಸೇಡಂ, ಶಹಾಬಾದದ ಹಾಸುಗಲ್ಲೂ ಒಂದೇ ಜಾತಿಯವು. ಹೀಗೆ ಜಹೀರಾಬಾದವು ಜಂಬಿಟ್ಟಿಗೆಯಿಂದ ಬೀದರಕ್ಕೂ, ತಾಂಡೂರು ಹಾಸುಗಲ್ಲಿನಿಂದ ಮಳಖೇಡಕ್ಕೂ, ನಾರಾಯಣಖೇಡವು ನದಿಯಿಂದ ಎರಡು ದಂಡೆಗಳ ನಾಡಿಗೂ ಬೆಸೆದುಕೊಂಡಿವೆ.

ಶಿಕ್ಷಕರ ಕರ್ತವ್ಯ

ರಾಜ್ಯದ ಗಡಿಗಳು ಆಡಳಿತದ ಸೌಕರ್ಯಕ್ಕೆ ಬೇಕು; ಅವನ್ನು ನಾವು ಪ್ರಶ್ನಿಸುತ್ತಿಲ್ಲ. ನಮ್ಮ ಹೆದರಿಕೆ ಬೇರೆ. ಮನೆಯಲ್ಲಿ ಕನ್ನಡವಾಡುವ ನಮ್ಮ ಮಕ್ಕಳು ಶಾಲೆಯಲ್ಲಿ ಗೋಲಕೊಂಡೆಯನ್ನೂ ವಾರಂಗಲ್ಲನ್ನೂ ಕಲಿಯುವರು. ಕಲಿಯಲೇ ಬೇಕು, ಅವೂ ನಮ್ಮವೇ. ಆದರೆ ಮೂವತ್ತು ಕಿಲೋಮೀಟರಿನಾಚೆ ಇರುವ ಕೋಟೆಯನ್ನು ನೆರೆರಾಜ್ಯದ್ದೆಂದು ಬಿಟ್ಟುಬಿಟ್ಟರೆ, ಆ ಕೋಟೆಗೆ ಕಾಳು ಕೊಟ್ಟ ತಮ್ಮ ಹಳ್ಳಿಯ ಕಥೆಯನ್ನೂ ಬಿಟ್ಟುಬಿಟ್ಟಂತೆ. ಹಾಗೆಯೇ ಬೀದರದ ಇತಿಹಾಸ ಬರೆಯುವವರು ಗಡಿಯ ಕಲ್ಲಿನ ಬಳಿಯೇ ಲೇಖನಿ ಕೆಳಗಿಟ್ಟರೆ ಝರಾಸಂಗಮ, ಕೊಹೀರ, ನ್ಯಾಲಕಲ್‌ಗಳು ಎರಡು ಕಡೆಯ ಗ್ರಂಥಗಳಿಂದಲೂ ಜಾರಿಹೋದಾವು. ಗಡಿಯ ಊರಿಗೆ ಎರಡು ಇತಿಹಾಸಗಳಿರಬೇಕಾದಲ್ಲಿ ಒಂದೂ ಇಲ್ಲದಂತಾಗುವ ಅಪಾಯವಿದು. 2014ರಲ್ಲಿ ದಖ್ಖಣದ ಸುಲ್ತಾನರ ಸ್ಮಾರಕಗಳೆಂದು ಬೀದರ, ಗುಲ್ಬರ್ಗಾ, ಬಿಜಾಪುರ, ಹೈದರಾಬಾದಗಳ ಕಟ್ಟಡಗಳನ್ನು ಒಟ್ಟಾಗಿ ಯುನೆಸ್ಕೋದ ತಾತ್ಕಾಲಿಕ ಯಾದಿಯಲ್ಲಿ ಸೇರಿಸಲಾಯಿತು. ಲೋಕದ ಯಾದಿಯಲ್ಲಿ ಎರಡು ರಾಜ್ಯಗಳ ಕೋಟೆಗಳು ಒಂದು ಸಾಲಿನಲ್ಲಿ ನಿಲ್ಲಬಹುದಾದರೆ ನಮ್ಮ ಶಾಲೆಯ ಕರಿಹಲಗೆಯ ಮೇಲೇಕೆ ನಿಲ್ಲಬಾರದು?

ಇದಕ್ಕೆ ದೊಡ್ಡ ಧನಸಹಾಯವಾಗಲಿ ದೊಡ್ಡ ಪಾಂಡಿತ್ಯವಾಗಲಿ ಬೇಡ. ಪ್ರತಿ ಶಾಲೆಯವರು ತಮ್ಮ ಊರಿನ ಹಳೆಯ ಬಾವಿ, ಕೆರೆ, ಝರಿಗಳ ಪಟ್ಟಿ ಮಾಡಲಿ. ಬಾವಿಯ ಆಳ, ಬೇಸಿಗೆಯಲ್ಲಿ ನೀರಿನ ಮಟ್ಟ, ಯಾವ ಕಲ್ಲಿನಲ್ಲಿ ತೋಡಿದ್ದು ಎಂಬುದನ್ನು ಬರೆದಿಡಲಿ. ಹೊಲಗಳ ಹೆಸರು, ಹಾಳೂರುಗಳ ಹೆಸರು, ಗುಡಿ ಮತ್ತು ದರ್ಗಾಗಳ ಮುಂದಿನ ಕಲ್ಲುಬರಹ, ಮುದುಕರ ಬಾಯಲ್ಲಿರುವ ಬರಗಾಲದ ಹಾಡು ಇವೆಲ್ಲ ನಮ್ಮ ಶಾಸನಗಳೇ. ಮನೆಯ ಜಂತೆಯಲ್ಲಿ ಕಟ್ಟಿಟ್ಟ ಹಳೆಯ ಉರ್ದು, ಮೋಡಿ, ಕನ್ನಡ ಕಾಗದಗಳನ್ನು ಗೆದ್ದಲಿಗೆ ಬಿಡದೆ ಓದಬಲ್ಲವರಿಗೆ ತೋರಿಸಲಿ. ವರ್ಷಕ್ಕೊಮ್ಮೆ ಮಕ್ಕಳನ್ನು ಬೀದರಕ್ಕೆ ಕರೆದೊಯ್ಯುವವರು ರಂಗೀನ ಮಹಲನ್ನು ತೋರಿಸುವುದರ ಜೊತೆಗೆ ಕಂದಕದ ಅಂಚಿಗೂ ಕೆರೆಯ ದಡಕ್ಕೂ ಕರೆದೊಯ್ದು, ಈ ನೀರು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂದು ಕೇಳಲಿ. ಉತ್ತರವನ್ನು ಹುಡುಕುತ್ತ ಹೋದ ಹುಡುಗನು ಸುರಂಗದ ಜಾಡು ಹಿಡಿದು ಝರಿಗೆ, ಝರಿಯ ಜಾಡು ಹಿಡಿದು ನದಿಗೆ, ನದಿಯ ಜಾಡು ಹಿಡಿದು ತನ್ನ ಹೊಲದ ಬದುವಿಗೆ ಬಂದು ನಿಲ್ಲುವನು. ಅಲ್ಲಿಂದ ಅವನ ಇತಿಹಾಸದ ಪಾಠವು ಆರಂಭವಾಗಲೆಂದು ನಮ್ಮ ಆಶಯ.